ಕ್ಯಾಸನೂರಿನ ಜ್ವರಕ್ಕೆ ಗುರುತು ಕೊಟ್ಟ ಡಾ. ಟೆಲ್ಫೋರ್ಡ್ ವರ್ಕ್



ಶಿವಮೊಗ್ಗದ ಗಾಂಧಿ ಬಜಾರಿಗೆ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೋದವರಿಗೆ ಅಲ್ಲಿನ ಮಾತಿನ ಹದ ಗೊತ್ತಿರುತ್ತದೆ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯವರು ಮದುವೆ ಜವಳಿಗೆ, ಪಾತ್ರೆಗೆ, ದಿನಸಿಗೆ ಬಂದಿರುತ್ತಾರೆ. ಮೊದಲು ಅಡಿಕೆಯ ರೇಟು, ಆಮೇಲೆ ಕೂಲಿಯಾಳುಗಳ ತೊಂದರೆ, ಅದಾದ ಮೇಲೆ ಯಾರಾದರೊಬ್ಬರು ತಮ್ಮೂರ ಕಾಡಿನಲ್ಲಿ ಮಂಗ ಸತ್ತು ಬಿದ್ದ ಸುದ್ದಿ ತೆಗೆಯುತ್ತಾರೆ. ಆಗ ಅಂಗಡಿಯೊಳಗಿನ ಮಾತು ಸ್ವಲ್ಪ ಹೊತ್ತು ತಗ್ಗುತ್ತದೆ. ಮಂಗನ ಕಾಯಿಲೆ ಎಂಬ ಹೆಸರನ್ನು ಅಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಕ್ಯಾಸನೂರು ಎಲ್ಲಿದೆ ಎಂದು ಕೇಳಿದರೆ ಸೊರಬ ತಾಲೂಕಿನ ಕಡೆಗೆ ಕೈ ತೋರಿಸುತ್ತಾರೆ. ಆದರೆ ಆ ಕಾಯಿಲೆ ಯಾವುದೆಂದು ಪತ್ತೆ ಮಾಡಿದವರು ಯಾರೆಂದು ನಾವು ಅಲ್ಲಿ ನಾಲ್ಕಾರು ಮಂದಿಯನ್ನು ವಿಚಾರಿಸಿದಾಗ ಒಬ್ಬರಿಗೂ ಗೊತ್ತಿರಲಿಲ್ಲ. ಅವರನ್ನು ದೂರುವಂತಿಲ್ಲ, ತೀರಾ ಇತ್ತೀಚಿನವರೆಗೆ ನಮಗೂ ಗೊತ್ತಿರಲಿಲ್ಲ.

ವೈದ್ಯಲೋಕದಲ್ಲಿ ಆ ಹೆಸರು ದೊಡ್ಡದು. ಡಾ. ಟೆಲ್ಫೋರ್ಡ್ ವರ್ಕ್. 1921ರಲ್ಲಿ ಹುಟ್ಟಿ 1995ರಲ್ಲಿ ತೀರಿಕೊಂಡ ಅಮೆರಿಕದ ವೈದ್ಯರು ಅವರು. ಸೊಳ್ಳೆ, ಉಣುಗುಗಳಂತಹ ಕೀಟಗಳ ಕಡಿತದಿಂದ ಮೈಗೆ ಸೇರಿ, ಕೆಲವೊಮ್ಮೆ ಮಿದುಳಿಗೂ ಏರುವ ವೈರಸ್‌ಗಳ ಬೆನ್ನು ಹತ್ತಿದ್ದೇ ಅವರ ಜೀವಮಾನದ ಕೆಲಸ. ಅದರಲ್ಲಿ ನಮ್ಮ ನಾಡಿನಲ್ಲಿ ಕಳೆದದ್ದು ಕೆಲವೇ ವರ್ಷ. ಆ ಕೆಲವು ವರ್ಷಗಳ ಫಲವನ್ನು ಮಲೆನಾಡಿನವರೂ ಕರಾವಳಿಯವರೂ ಇಂದಿಗೂ ಉಣ್ಣುತ್ತಿದ್ದೇವೆ. ಕರಾವಳಿಯವರೂ ಎಂದು ಸುಮ್ಮನೆ ಸೇರಿಸಿದ್ದಲ್ಲ. 1982-83ರಲ್ಲಿ ಬೆಳ್ತಂಗಡಿ ತಾಲೂಕಿನ ಪಟ್ರಮೆ, ನಿಡ್ಲೆ ಕಡೆ ಈ ಕಾಯಿಲೆ ಬಂದಾಗ ಎಷ್ಟು ಮನೆಗಳಲ್ಲಿ ಸಾವಾಯಿತೆಂದು ಅಲ್ಲಿನ ಹಿರಿಯರು ಮರೆತಿಲ್ಲ. ಹೊನ್ನಾವರ, ಸಿದ್ದಾಪುರದ ಕಡೆಯವರಿಗಂತೂ ಅದು ಹೊಸತೇ ಅಲ್ಲ.

ವರ್ಕ್ ಅವರ ಕಥೆ ಶುರುವಾಗುವುದು ಈಜಿಪ್ಟ್ ದೇಶದಲ್ಲಿ. 1950ರ ದಶಕದ ಆರಂಭದಲ್ಲಿ ನೈಲ್ ನದಿಯ ಮುಖಜ ಭೂಮಿಯ ಸಿಂದ್ಬಿಸ್ ಎಂಬ ಹಳ್ಳಿಯಲ್ಲಿ ಡಾ. ರಿಚರ್ಡ್ ಟೇಲರ್ ಅವರ ತಂಡ ಸೊಳ್ಳೆಗಳನ್ನೂ ಹಕ್ಕಿಗಳನ್ನೂ ಮಕ್ಕಳ ರಕ್ತವನ್ನೂ ಪರೀಕ್ಷಿಸುತ್ತಿತ್ತು. ಆ ತಂಡದಲ್ಲಿ ವರ್ಕ್ ಇದ್ದರು. ಅಲ್ಲಿ 1952ರಲ್ಲಿ ಸೊಳ್ಳೆಗಳಿಂದ ಹೊಸ ವೈರಸ್ ಒಂದು ಸಿಕ್ಕಿತು, ಅದಕ್ಕೆ ಆ ಹಳ್ಳಿಯದೇ ಹೆಸರು ಬಂತು. ವೆಸ್ಟ್ ನೈಲ್ ವೈರಸ್ ಅಲ್ಲಿ ಎಷ್ಟು ಸಾಮಾನ್ಯವೆಂಬುದೂ ತಿಳಿಯಿತು. ಹಳ್ಳಿಯ ಜನರಲ್ಲಿ ಬಹಳ ಮಂದಿ ಚಿಕ್ಕಂದಿನಲ್ಲೇ ಅದರ ಸೋಂಕು ತಗುಲಿ, ಸಣ್ಣ ಜ್ವರ ಬಂದು ಹೋಗಿ, ತಮಗೆ ಏನಾಗಿತ್ತೆಂದೂ ಅರಿಯದೆ ಬೆಳೆದವರು. ಅವರ ರಕ್ತದಲ್ಲಿ ಮಾತ್ರ ಆ ಸೋಂಕಿನ ಗುರುತು ಉಳಿದಿತ್ತು. ರೋಗಿ ಮರೆತದ್ದನ್ನು ರಕ್ತ ಮರೆಯುವುದಿಲ್ಲ ಎಂಬುದು ಅವರು ಅಲ್ಲಿಂದ ಹೊತ್ತು ತಂದ ಪಾಠ ಎನ್ನಬಹುದು.

ಭಾರತದಲ್ಲಿ ಆಗಷ್ಟೇ, 1952ರಲ್ಲಿ, ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ತೆರೆದಿದ್ದವು. 1978ರಿಂದ ಅದೇ ರಾಷ್ಟ್ರೀಯ ವೈರಾಣು ಸಂಸ್ಥೆ. 50ರ ದಶಕದ ನಡುವಿನಲ್ಲಿ ವರ್ಕ್ ಅಲ್ಲಿಗೆ ಬಂದು ನಿರ್ದೇಶಕರಾದರು. ಅವರ ಮುಂದೆ ಬಂದ ಮೊದಲ ದೊಡ್ಡ ಪ್ರಶ್ನೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯಿಂದ ಬಂದದ್ದು.

ವೆಲ್ಲೂರಿನಲ್ಲಿ ಮಕ್ಕಳ ವೈದ್ಯರಾಗಿದ್ದ ಡಾ. ಜಾನ್ ವೆಬ್ ಮತ್ತು ಡಾ. ಶೀಲಾ ಪೆರೇರಾ ಅವರ ವಾರ್ಡಿಗೆ ಉತ್ತರ ಆರ್ಕಾಟ್ ಜಿಲ್ಲೆಯ ಹಳ್ಳಿಗಳಿಂದ ಮಕ್ಕಳು ಬರುತ್ತಿದ್ದರು. ಜ್ವರ, ಫಿಟ್ಸ್, ಎಚ್ಚರ ತಪ್ಪುವುದು, ಕೆಲವರಿಗೆ ಸಾವು. ಬದುಕಿದವರಲ್ಲೂ ಕೆಲವರಿಗೆ ಮಾತು, ನಡಿಗೆ ಮೊದಲಿನಂತಾಗುತ್ತಿರಲಿಲ್ಲ. ಇಂತಹ ಮಗುವನ್ನು ನೋಡಿದ ಡಾಕ್ಟರರ ಮನಸ್ಸಿನಲ್ಲಿ ಹತ್ತು ಕಾಯಿಲೆಗಳು ಹಾದುಹೋಗುತ್ತವೆ. ಮಿದುಳು ಮಲೇರಿಯಾ ಇರಬಹುದು, ಕ್ಷಯ ಮಿದುಳಿನ ಪೊರೆಗೆ ಹತ್ತಿರಬಹುದು, ಬ್ಯಾಕ್ಟೀರಿಯಾದಿಂದ ಕೀವು ಕಟ್ಟಿರಬಹುದು, ವೈರಸ್ ಇರಬಹುದು. ಹೊರಗಿನಿಂದ ನೋಡಲು ಎಲ್ಲವೂ ಒಂದೇ ತರಹ. ಔಷಧಿ ಮಾತ್ರ ಒಂದೊಂದಕ್ಕೆ ಒಂದೊಂದು, ಕೆಲವಕ್ಕೆ ಔಷಧಿಯೇ ಇಲ್ಲ.

ಮೊದಲ ಜರಡಿ ಬೆನ್ನಿನ ನೀರು. ಸೊಂಟದ ಮೂಳೆಗಳ ಸಂದಿಯಿಂದ ಸೂಜಿ ಹಾಕಿ ಆ ನೀರನ್ನು ತೆಗೆಯುವ ಕ್ರಮವನ್ನು ಜರ್ಮನಿಯ ಕೀಲ್ ನಗರದ ಡಾ. ಹೈನ್ರಿಚ್ ಕ್ವಿಂಕೆ 1891ರಲ್ಲಿ ವೈದ್ಯರ ಮುಂದಿಟ್ಟರು. ನೀರು ಮಬ್ಬಾಗಿ, ಅದರಲ್ಲಿ ಕೀವಿನ ಕಣಗಳು ತುಂಬಿ, ಸಕ್ಕರೆ ಇಳಿದಿದ್ದರೆ ಬ್ಯಾಕ್ಟೀರಿಯಾದ ಸಂಶಯ. ತಿಳಿಯಾಗಿದ್ದರೂ ಸಕ್ಕರೆ ಇಳಿದು, ಲಿಂಫೋಸೈಟ್ ಎಂಬ ಬಿಳಿ ಕಣಗಳು ಹೆಚ್ಚಿ, ಪ್ರೊಟೀನ್ ಏರಿದ್ದರೆ ಕ್ಷಯವನ್ನು ಹುಡುಕಬೇಕು. ತಿಳಿಯಾಗಿದ್ದು, ಆ ಕಣಗಳು ಹೆಚ್ಚಿದ್ದು, ಸಕ್ಕರೆ ಸರಿಯಾಗಿದ್ದರೆ ವೈರಸ್ ಕಡೆಗೆ ಬೆರಳು. ಇಷ್ಟನ್ನು ಒಂದು ಸಾಧಾರಣ ಆಸ್ಪತ್ರೆಯ ಲ್ಯಾಬಿನಲ್ಲೇ ಹೇಳಬಹುದು. ಇಲ್ಲೊಂದು ಮಾತು ಹೇಳಲೇಬೇಕು: ಬೆನ್ನಿನ ನೀರು ತೆಗೆದರೆ ಕಾಲಿನ ಶಕ್ತಿ ಹೋಗುತ್ತದೆ ಎಂದು ನಮ್ಮ ಕಡೆ ಇಂದಿಗೂ ಎಷ್ಟೋ ಕುಟುಂಬಗಳವರು ಸಹಿ ಹಾಕಲು ಒಪ್ಪುವುದಿಲ್ಲ. ಸೂಜಿ ಹಾಕುವ ಜಾಗ ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗಿರುತ್ತದೆ. ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ನಮ್ಮ ಧರ್ಮಕೇಂದ್ರಗಳ ಕಾರ್ಯಕರ್ತರು ಮನೆಯವರಿಗೆ ಇದನ್ನು ಬಿಡಿಸಿ ಹೇಳಿದರೆ ದೊಡ್ಡ ಉಪಕಾರವಾಗುತ್ತದೆ.

ಆದರೆ ಯಾವ ವೈರಸ್ ಎಂದು ಬೆನ್ನಿನ ನೀರಿನ ಬಣ್ಣ ಹೇಳದು. ವೆಲ್ಲೂರಿನ ಮಕ್ಕಳ ಸೀರಮ್ ಪುಣೆಗೆ ಹೋಯಿತು. ವರ್ಕ್ ಮತ್ತು ಅವರ ಸಹೋದ್ಯೋಗಿ ಡಾ. ಕೀರ್ತಿ ಶಾ ಅದನ್ನು ಪರೀಕ್ಷಿಸಿದರು. ಆಗಿನ ಪರೀಕ್ಷೆ ಹೀಗೆ. ಈ ಬಗೆಯ ವೈರಸ್‌ಗಳು ಹಕ್ಕಿಗಳ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತವೆ. ರೋಗಿಯ ಸೀರಮಿನಲ್ಲಿ ಆ ವೈರಸ್ಸಿನ ವಿರುದ್ಧ ಪ್ರತಿಕಾಯವಿದ್ದರೆ ಅಂಟುವುದು ನಿಲ್ಲುತ್ತದೆ. ಸೀರಮನ್ನು ನೀರು ಬೆರೆಸಿ ತೆಳ್ಳಗೆ ಮಾಡುತ್ತಾ ಹೋಗಿ, ಎಲ್ಲಿಯವರೆಗೆ ಅದಕ್ಕೆ ತಡೆಯುವ ಶಕ್ತಿಯಿದೆ ಎಂದು ನೋಡುತ್ತಾರೆ. ಒಮ್ಮೆ ನೋಡಿದರೆ ಸಾಲದು. ಕಾಯಿಲೆ ಶುರುವಾದಾಗ ಒಂದು ಸಲ, ಎರಡು ಮೂರು ವಾರ ಬಿಟ್ಟು ಇನ್ನೊಂದು ಸಲ ರಕ್ತ ಬೇಕು. ಎರಡನೆಯದರಲ್ಲಿ ಪ್ರತಿಕಾಯ ನಾಲ್ಕು ಪಟ್ಟೋ ಹೆಚ್ಚೋ ಏರಿದ್ದರೆ ಈ ಕಾಯಿಲೆ ಆ ವೈರಸ್ಸಿನದೇ. ಮೊದಲಿನಷ್ಟೇ ಇದ್ದರೆ ಅದು ಹಳೆಯ ಸೋಂಕಿನ ನೆನಪು.

ಇದರಲ್ಲಿ ಒಂದು ತೊಡಕಿತ್ತು. ಜಪಾನೀಸ್ ಮಿದುಳು ಜ್ವರ, ವೆಸ್ಟ್ ನೈಲ್, ಡೆಂಗ್ಯೂ ಇವೆಲ್ಲ ಒಂದೇ ಮನೆತನದ ವೈರಸ್‌ಗಳು. ಒಂದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲೂ ಅಷ್ಟಿಷ್ಟು ಕಾಣಿಸಿಕೊಳ್ಳುತ್ತದೆ. ವೆಸ್ಟ್ ನೈಲ್ ನಮ್ಮ ದೇಶದಲ್ಲೂ ಇದ್ದುದರಿಂದ ಗೊಂದಲಕ್ಕೆ ಜಾಗ ಬೇಕಾದಷ್ಟಿತ್ತು. ಈಜಿಪ್ಟಿನಲ್ಲಿ ವೆಸ್ಟ್ ನೈಲನ್ನು ಹತ್ತಿರದಿಂದ ಕಂಡ ವರ್ಕ್ ಅವರಿಗೆ ಈ ಗೊಂದಲ ಹೊಸದಾಗಿರಲಿಲ್ಲ. 1956ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್ ಪತ್ರಿಕೆಯಲ್ಲಿ ವೆಬ್ ಮತ್ತು ಪೆರೇರಾ ಅವರು ಮಕ್ಕಳ ಲಕ್ಷಣಗಳ ಕುರಿತೂ, ವರ್ಕ್ ಮತ್ತು ಶಾ ಅವರು ಪ್ರಯೋಗಾಲಯದ ಫಲಿತಾಂಶದ ಕುರಿತೂ ಒಟ್ಟೊಟ್ಟಿಗೆ ಬರೆದರು. ಜಪಾನೀಸ್ ಮಿದುಳು ಜ್ವರ ಭಾರತದಲ್ಲಿದೆ ಎಂದು ಗೊತ್ತಾದದ್ದು ಹಾಗೆ. ಮುಂದೆ 70ರ ದಶಕದ ಕೊನೆಯಲ್ಲಿ ಅದು ಕೋಲಾರ ಜಿಲ್ಲೆಗೆ ಬಂದಾಗ ನಮ್ಮ ರಾಜ್ಯದ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗಲಿಲ್ಲ. ಅಂದ ಹಾಗೆ ಡಾ. ಕೀರ್ತಿ ಶಾ ಅವರೇ ನಂತರ ಅಮೆರಿಕದಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೂ ಎಚ್‌ಪಿವಿ ವೈರಸ್ಸಿಗೂ ಇರುವ ನಂಟನ್ನು ಸಾಧಿಸಿದವರಲ್ಲಿ ಒಬ್ಬರು.

ಇನ್ನು ಶಿವಮೊಗ್ಗಕ್ಕೆ ಬರೋಣ. 1957ರ ಮೊದಲ ತಿಂಗಳುಗಳಲ್ಲಿ ಸಾಗರ, ಸೊರಬ ಸೀಮೆಯ ಕೆಲವು ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ವಿಪರೀತ ಜ್ವರ, ಹಣೆ ಸಿಡಿಯುವಂತಹ ತಲೆನೋವು, ಸೊಂಟ ಕಾಲು ಮುರಿದು ಹಾಕಿದಂತಹ ಮೈನೋವು, ಕೆಂಪಾದ ಕಣ್ಣು. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಹಿಂದಿನ ವರ್ಷವೂ ಇಂತಹ ಜ್ವರ ಕಂಡಿತ್ತು, ಅದನ್ನು ವಿಷಮಶೀತ ಜ್ವರದ ಜಾತಿಗೆ ಸೇರಿಸಿ ಬಿಟ್ಟಿದ್ದರು. ಈ ಸಲ ಹಳ್ಳಿಯವರು ಇನ್ನೊಂದು ವಿಷಯ ಹೇಳುತ್ತಿದ್ದರು: ಕಾಡಿನಲ್ಲಿ ಮಂಗಗಳು, ಮುಸುವಗಳು ಸಾಯುತ್ತಿವೆ. ಎರಡನ್ನೂ ಮೊದಲು ಜೋಡಿಸಿದ್ದು ಸೌದೆಗೆ, ತರಗೆಲೆಗೆ ಕಾಡಿಗೆ ಹೋಗುತ್ತಿದ್ದ ಜನರೇ. ಇದನ್ನು ನಾವು ಒತ್ತಿ ಹೇಳಲು ಬಯಸುತ್ತೇವೆ, ಏಕೆಂದರೆ ಪುಸ್ತಕಗಳಲ್ಲಿ ಆ ಶ್ರೇಯಸ್ಸು ಅವರಿಗೆ ಸಿಗುವುದು ಕಡಿಮೆ.

ಸತ್ತ ಮಂಗಗಳ ಸುದ್ದಿ ಪುಣೆಗೆ ಮುಟ್ಟಿದಾಗ ವರ್ಕ್ ಅವರಿಗೆ ನಡುಕ ಹುಟ್ಟಿದ್ದರೆ ಅದಕ್ಕೆ ಕಾರಣವಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಲಾಗಿ ಸತ್ತರೆ ಅದು ಹಳದಿ ಜ್ವರದ ಮುನ್ಸೂಚನೆ. ಏಷ್ಯಾದಲ್ಲಿ ಹಳದಿ ಜ್ವರ ಇಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಇಲ್ಲಿ ಊರೂರಲ್ಲಿದೆ, ಮತ್ತು ಯಾರ ಮೈಯಲ್ಲೂ ಅದರ ವಿರುದ್ಧ ಶಕ್ತಿ ಇಲ್ಲ. ಅದು ಮಲೆನಾಡಿಗೆ ಬಂದಿದ್ದರೆ ಮುಂದಿನದನ್ನು ಊಹಿಸಲೂ ಭಯವಾಗುತ್ತದೆ. ವರ್ಕ್ ಮತ್ತು ಪ್ರಾಣಿಶಾಸ್ತ್ರಜ್ಞ ಡಾ. ಹೆರಾಲ್ಡ್ ಟ್ರಪಿಡೊ ತಂಡ ಕಟ್ಟಿಕೊಂಡು ಬಂದರು. ಡಿ.ಪಿ.ಎನ್. ಮೂರ್ತಿ, ಆರ್.ಎಲ್. ರಾವ್, ಪಿ.ಎನ್. ಭಟ್, ಕೆ.ಜಿ. ಕುಲಕರ್ಣಿ ಮೊದಲಾದ ನಮ್ಮವರು ಅವರೊಂದಿಗೆ ದುಡಿದರು. ರೋಗಿಗಳ ರಕ್ತ, ಸತ್ತ ಮಂಗಗಳ ಅಂಗಾಂಗ, ನೆಲದ ಮೇಲಿನ ಉಣುಗು ಎಲ್ಲವನ್ನೂ ಸಂಗ್ರಹಿಸಿದರು. ರೋಗಿಯ ರಕ್ತವನ್ನು ಕೆಡದಂತೆ ತಣ್ಣಗೆ ಇಟ್ಟುಕೊಂಡು ಪುಣೆಯವರೆಗೆ ತಲುಪಿಸುವುದೇ ಆ ಕಾಲದಲ್ಲಿ ಒಂದು ಸಾಹಸ.

ಪುಣೆಯಲ್ಲಿ ಅದನ್ನು ಹುಟ್ಟಿ ಎರಡು ಮೂರು ದಿನದ ಬಿಳಿ ಇಲಿಮರಿಗಳ ಮಿದುಳಿಗೆ ಚುಚ್ಚಿ ಕಾದರು. ಮರಿಗಳು ಕಾಯಿಲೆ ಬಿದ್ದರೆ ಅವುಗಳ ಮಿದುಳಿನಿಂದ ವೈರಸ್ಸನ್ನು ತೆಗೆದು, ಅದು ಯಾವುದರ ಪ್ರತಿಕಾಯಕ್ಕೆ ಬಗ್ಗುತ್ತದೆ ಎಂದು ಒಂದೊಂದಾಗಿ ನೋಡಬೇಕು. ಮಂಗನಿಂದಲೂ ವೈರಸ್ ಸಿಕ್ಕಿತು, ಮನುಷ್ಯನಿಂದಲೂ ಸಿಕ್ಕಿತು, ಎರಡೂ ಒಂದೇ. ಮುಖ್ಯವಾಗಿ ಅದು ಹಳದಿ ಜ್ವರದ್ದಾಗಿರಲಿಲ್ಲ. ಪರೀಕ್ಷೆ ತೋರಿಸಿದ ನೆಂಟಸ್ತನ ಯಾರೂ ಎಣಿಸದ ದಿಕ್ಕಿನದು. 1937ರಲ್ಲಿ ಸೋವಿಯತ್ ದೇಶದ ಪೂರ್ವ ತುದಿಯ ಹಿಮಕಾಡಿನಲ್ಲಿ ಕಂಡುಹಿಡಿದ, ಉಣುಗು ಕಡಿತದಿಂದ ಬರುವ ರಷ್ಯನ್ ವಸಂತ-ಬೇಸಿಗೆಯ ಮಿದುಳು ಜ್ವರದ ವೈರಸ್ಸಿಗೆ ಇದು ತೀರಾ ಹತ್ತಿರದ ಸಂಬಂಧಿ. ಅಡಿಕೆ ತೋಟಗಳ ನಾಡಿನಲ್ಲಿ ಸೈಬೀರಿಯಾದ ನೆಂಟ. ಅದೇ ವರ್ಷ ವರ್ಕ್ ಮತ್ತು ಟ್ರಪಿಡೊ ಅದನ್ನು ಭಾರತದ ಹೊಸ ವೈರಸ್ ಕಾಯಿಲೆ ಎಂದು ಪ್ರಕಟಿಸಿದರು, ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯ ಪುಸ್ತಕಗಳಿಗೆ ಸೇರಿತು. ಆ ಋತುವಿನಲ್ಲಿ ಲೆಕ್ಕಕ್ಕೆ ಸಿಕ್ಕ ರೋಗಿಗಳು 466, ಮರುವರ್ಷ 181. ಹರಡುವುದು ಮುಖ್ಯವಾಗಿ ಹೀಮಾಫೈಸಾಲಿಸ್ ಜಾತಿಯ ಉಣುಗು ಎಂಬುದೂ ಸ್ಪಷ್ಟವಾಯಿತು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ.

ಈ ಕಾಯಿಲೆಗೆ ಎರಡು ಮಜಲು. ಹೆಚ್ಚಿನವರಿಗೆ ಒಂದೆರಡು ವಾರದ ಜ್ವರ ಮುಗಿದರೆ ಮುಗಿಯಿತು, ನಿಶ್ಶಕ್ತಿ ಮಾತ್ರ ತಿಂಗಳುಗಟ್ಟಲೆ ಇರುತ್ತದೆ. ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ಜ್ವರ ಬಿಟ್ಟು ಒಂದೆರಡು ವಾರ ಕಳೆದ ಮೇಲೆ ಅದು ಮತ್ತೆ ಮರಳುತ್ತದೆ. ಆಗ ಕುತ್ತಿಗೆ ಬಿಗಿತ, ಕೈನಡುಕ, ತಲೆಸುತ್ತು, ಮಂಕು, ಕಣ್ಣು ಮಂಜಾಗುವುದು, ಅಂದರೆ ಮಿದುಳು ಮತ್ತು ಅದರ ಪೊರೆಗೆ ತಟ್ಟಿದ ಲಕ್ಷಣಗಳು. ಸಾಗರದ ರೋಗಿಗಳಲ್ಲಿ ಇದನ್ನು ಕೂಲಂಕಷವಾಗಿ ಗಮನಿಸಿ ಡಾ. ಎಚ್.ಇ. ವೆಬ್ ಮತ್ತು ಆರ್.ಎಲ್. ರಾವ್ 1961ರಲ್ಲಿ ಬರೆದರು. (ಇವರು ವೆಲ್ಲೂರಿನ ವೆಬ್ ಅಲ್ಲ, ಬೇರೆಯವರು.)

ನಮ್ಮ ಪರಿಚಯದ ಒಬ್ಬರ ವಿಷಯ ಇಲ್ಲಿ ಹೇಳದೆ ಇರಲಾರೆವು. ಕೆಲವು ವರ್ಷಗಳ ಹಿಂದೆ ಅವರು ಘಟ್ಟದ ಮೇಲೆ ತೋಟದ ಕೆಲಸಕ್ಕೆ ಹೋಗಿ, ಫೆಬ್ರವರಿಯಲ್ಲಿ ಜ್ವರ ಹೊತ್ತು ಊರಿಗೆ ಬಂದರು. ಹತ್ತಿರದ ಒಂದು ಕಡೆ ತೋರಿಸಿದರು. ವಿಡಾಲ್ ಪರೀಕ್ಷೆಯಲ್ಲಿ ಟೈಫಾಯ್ಡ್ ಎಂದು ಬಂತು, ಒಂಬತ್ತು ದಿನ ಇಂಜೆಕ್ಷನ್ ಆಯಿತು, ಜ್ವರ ಇಳಿಯಿತು. ಎಲ್ಲಿಂದ ಬಂದೆ ಎಂದು ಯಾರೂ ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ. ವಾರ ಕಳೆದ ಮೇಲೆ ಭಾನುವಾರ ಪೂಜೆಗೆ ಹೊರಟವರು ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಕುಳಿತುಬಿಟ್ಟರು, ಕೈ ಅಷ್ಟು ನಡುಗುತ್ತಿತ್ತು. ತಲೆ ಎತ್ತಲಾಗದು, ಮಾತು ತೊದಲು. ಮನೆಯವರು ಏನೇನೋ ಹೆದರಿದರು. ದೊಡ್ಡ ಆಸ್ಪತ್ರೆಯಲ್ಲಿ ಬೆನ್ನಿನ ನೀರು ತೆಗೆದಾಗ ಅದು ತಿಳಿಯಾಗಿತ್ತು, ಸಕ್ಕರೆ ಸರಿಯಾಗಿತ್ತು, ಬಿಳಿ ಕಣಗಳು ಮಾತ್ರ ಹೆಚ್ಚಿದ್ದವು, ಕ್ಷಯದ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಅಲ್ಲಿನ ಕಿರಿಯ ವೈದ್ಯೆಯೊಬ್ಬರು ಆ ತಿಂಗಳು ಎಲ್ಲೆಲ್ಲಿ ಹೋಗಿದ್ದಿರಿ ಎಂದು ವಿಚಾರಿಸಿ ರಕ್ತವನ್ನು ಶಿವಮೊಗ್ಗಕ್ಕೆ ಕಳುಹಿಸಿದರು. ಮಂಗನ ಕಾಯಿಲೆಯ ಪ್ರತಿಕಾಯ ಅದರಲ್ಲಿತ್ತು. ಅವರು ಬದುಕಿದರು, ಕೈ ಸರಿಯಾಗಲು ಎರಡು ತಿಂಗಳಾಯಿತು.

ಇದಕ್ಕೆ ನಿರ್ದಿಷ್ಟ ಔಷಧಿ ಇಲ್ಲ ಎಂದ ಮೇಲೆ ಹೆಸರು ತಿಳಿದು ಏನು ಪ್ರಯೋಜನ ಎಂದು ಕೆಲವರು ಕೇಳಬಹುದು. ನಾವೂ ಹಾಗೆ ಯೋಚಿಸಿದ್ದುಂಟು. ಆದರೆ ಹೆಸರು ಮೊದಲೇ ತಿಳಿದಿದ್ದರೆ ಆ ಒಂಬತ್ತು ದಿನದ ಇಂಜೆಕ್ಷನ್ ಬೇಕಿರಲಿಲ್ಲ, ರಕ್ತಸ್ರಾವವಾಗಬಹುದೆಂದು ಎಚ್ಚರದಿಂದ ನೋಡಿಕೊಳ್ಳಬಹುದಿತ್ತು, ಎರಡನೇ ಮಜಲು ಬರಬಹುದೆಂದು ಮನೆಯವರಿಗೆ ತಿಳಿಸಿಡಬಹುದಿತ್ತು. ಅವರೊಂದಿಗೆ ಅದೇ ತೋಟದಲ್ಲಿದ್ದ ಉಳಿದ ಆಳುಗಳಿಗೂ ಸುದ್ದಿ ಮುಟ್ಟುತ್ತಿತ್ತು. ಮಿದುಳಿಗೆ ಹತ್ತಿದ ಕ್ಷಯವನ್ನು ವೈರಸ್ ಎಂದು ತಪ್ಪಾಗಿ ತಿಳಿದು ಬಿಟ್ಟರಂತೂ ಜೀವವೇ ಹೋಗುತ್ತದೆ, ಅದಕ್ಕೆ ಔಷಧಿ ಇದೆ.

ದಿನದ ಲೆಕ್ಕವೂ ಮುಖ್ಯ. ವರ್ಕ್ ಮತ್ತು ಭಟ್ ಅವರ ತಂಡದ ಕೆಲಸದಿಂದ ಗೊತ್ತಾದ ಹಾಗೆ ಈ ವೈರಸ್ ರೋಗಿಯ ರಕ್ತದಲ್ಲಿ ಸಿಗುವುದು ಜ್ವರದ ಮೊದಲ ಹತ್ತು ಹನ್ನೆರಡು ದಿನ. ಆ ಅವಧಿಯಲ್ಲಿ ಈಗ ಇಲಿಮರಿಗಳು ಬೇಕಿಲ್ಲ, ಆರ್‌ಟಿ-ಪಿಸಿಆರ್ ಪರೀಕ್ಷೆ ಒಂದೇ ದಿನದಲ್ಲಿ ವೈರಸ್ಸನ್ನು ತೋರಿಸುತ್ತದೆ. ಮಿದುಳಿನ ಲಕ್ಷಣ ಶುರುವಾಗುವ ಹೊತ್ತಿಗೆ ಸಾಮಾನ್ಯವಾಗಿ ರಕ್ತದಿಂದ ವೈರಸ್ ಹೋಗಿರುತ್ತದೆ, ಆಗ ಐಜಿಎಂ ಪ್ರತಿಕಾಯವನ್ನು ಹುಡುಕಬೇಕು. ತಡವಾಗಿ ಕಳುಹಿಸಿದ ರಕ್ತದಲ್ಲಿ ಪಿಸಿಆರ್ ನೆಗೆಟಿವ್ ಬಂತೆಂದು ಕಾಯಿಲೆಯೇ ಇಲ್ಲವೆಂದುಕೊಳ್ಳುವುದು ತಪ್ಪು. ಆದ್ದರಿಂದ ಮಾದರಿಯ ಚೀಟಿಯಲ್ಲಿ ಜ್ವರ ಶುರುವಾದ ದಿನಾಂಕವನ್ನು ಬರೆಯದಿದ್ದರೆ ಲ್ಯಾಬಿನವರ ಕಣ್ಣು ಕಟ್ಟಿದಂತೆ. ಶಿವಮೊಗ್ಗದಲ್ಲಿ ಈ ಪರೀಕ್ಷೆಗೆಂದೇ ಪರಿಮಾಣು ಕ್ರಿಮಿ ಪರಿಶೋಧನಾ ಪ್ರಯೋಗಾಲಯವಿದೆ. ಜಪಾನೀಸ್ ಮಿದುಳು ಜ್ವರ ಮುಂತಾದುವಕ್ಕೆ ಬೆನ್ನಿನ ನೀರನ್ನೇ ಐಜಿಎಂ ಪರೀಕ್ಷೆಗೆ ಹಾಕುತ್ತಾರೆ, ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ದೊಡ್ಡ ಆಸರೆ.

ವರ್ಕ್ ಅವರ ಎಲ್ಲ ಎಣಿಕೆಗಳೂ ಸರಿಯಾದವೆಂದು ನಾವು ಹೇಳುವುದಿಲ್ಲ. ರಷ್ಯನ್ ವೈರಸ್ಸಿಗೆ ಇದು ಅಷ್ಟು ಹತ್ತಿರವೆಂದ ಮೇಲೆ ರಷ್ಯನ್ ಕಾಯಿಲೆಯ ಲಸಿಕೆ ಇಲ್ಲೂ ನಡೆಯಬೇಕಲ್ಲವೇ ಎಂದು 50ರ ದಶಕದ ಕೊನೆಯಲ್ಲಿ ಆ ಲಸಿಕೆಯನ್ನು ಶಿವಮೊಗ್ಗದ ಹಳ್ಳಿಗಳಲ್ಲಿ ಹಾಕಿ ನೋಡಿದರು. ಅದು ರಕ್ಷಣೆ ಕೊಡಲಿಲ್ಲ ಎಂದು 1962ರಲ್ಲಿ ಲೆಕ್ಕ ಕೊಟ್ಟವರಲ್ಲಿ ವೆಲ್ಲೂರಿನ ಕೆಲಸದ ಅದೇ ಕೀರ್ತಿ ಶಾ ಇದ್ದರು. ಲ್ಯಾಬಿನ ನಳಿಕೆಯಲ್ಲಿ ಕಂಡ ನೆಂಟಸ್ತನ ಮನುಷ್ಯನ ಮೈಯಲ್ಲಿ ಕೆಲಸಕ್ಕೆ ಬರಲಿಲ್ಲ. ಹಾಗೆಯೇ, ಸೈಬೀರಿಯಾದ ನೆಂಟ ಇಲ್ಲಿಗೆ ಹೇಗೆ ಬಂದ ಎಂಬ ಪ್ರಶ್ನೆಗೆ ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳ ಕಡೆ ಸಂಶಯ ತಿರುಗಿತು. ವರ್ಕ್ ಸ್ವತಃ ಹಕ್ಕಿಪ್ರೇಮಿ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯಕ್ರಮ ಶುರುಮಾಡಲು ಈ ಸಂಶಯವೂ ಒಂದು ಕಾರಣ. ಹಕ್ಕಿಗಳ ಬಗ್ಗೆ ಬೇಕಾದಷ್ಟು ತಿಳಿಯಿತು, ಮಂಗನ ಕಾಯಿಲೆಯನ್ನು ಅವು ತಂದವೆಂಬುದು ಮಾತ್ರ ಸಾಬೀತಾಗಲಿಲ್ಲ. ಮುಂದೆ ಸಾಗರದಲ್ಲಿ ಕೆಲಸ ಮಾಡಿದ ಕೊಲಂಬಿಯಾ ದೇಶದ ಡಾ. ಹೋರ್ಹೆ ಬೊಶೆಲ್ ಕಾಡು ಕಡಿದು ಗದ್ದೆ ತೋಟ ಮಾಡಿದ್ದನ್ನೂ, ಕಾಡಂಚಿನಲ್ಲಿ ದನ ಮೇಯಿಸುವುದರಿಂದ ಉಣುಗು ಹೆಚ್ಚಿದ್ದನ್ನೂ ತೋರಿಸಿಕೊಟ್ಟರು. ನಮಗೆ ಬೊಶೆಲ್ ಅವರ ಮಾತೇ ಹೆಚ್ಚು ನಂಬುವಂತೆ ಕಾಣುತ್ತದೆ. ಪಟ್ರಮೆ, ನಿಡ್ಲೆಯ ಕಡೆ ಆದದ್ದೂ ಕಾಡು ಕಡಿದ ಮೇಲೆಯೇ.

ಇನ್ನೊಂದು ವಿಷಯವನ್ನು ಮರೆಯಬಾರದು. ಈ ವೈರಸ್ಸನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದ ಪುಣೆಯ ಪ್ರಯೋಗಾಲಯದ ಹಲವು ಮಂದಿಗೆ ಅದೇ ಕಾಯಿಲೆ ತಗುಲಿತು. ಇಂದಿನ ಹಾಗೆ ಗಾಳಿಯನ್ನೂ ಸೋಸುವ ಕೋಣೆಗಳು ಆಗಿರಲಿಲ್ಲ. ಇಲಿಗಳ ಗೂಡು ತೊಳೆಯುವವರು, ಗಾಜಿನ ಸಾಮಾನು ತೊಳೆಯುವವರು ಎಲ್ಲರೂ ಅಪಾಯದ ಬದಿಯಲ್ಲೇ ನಿಂತಿದ್ದರು.

1958ರಲ್ಲಿ ವರ್ಕ್ ಭಾರತ ಬಿಟ್ಟರು. 60ರ ದಶಕದಲ್ಲಿ ಅಟ್ಲಾಂಟಾದ ಸಾಂಕ್ರಾಮಿಕ ರೋಗಗಳ ಕೇಂದ್ರದಲ್ಲಿ ವೈರಾಣು ವಿಭಾಗದ ಮುಖ್ಯಸ್ಥರಾಗಿದ್ದರು. ಫ್ಲಾರಿಡಾದ ಜೌಗು ಪ್ರದೇಶದ ಸೆಮಿನೋಲ್ ಬುಡಕಟ್ಟಿನವರ ರಕ್ತವನ್ನು ಪರೀಕ್ಷಿಸಿ, ಅಲ್ಲಿ ಯಾರಿಗೂ ತಿಳಿಯದೆ ಸುಳಿದಾಡುತ್ತಿದ್ದ ಮಿದುಳು ಜ್ವರದ ಜಾತಿಯ ವೈರಸ್ಸಿನ ಗುರುತನ್ನು 1964ರಲ್ಲಿ ಪ್ರಕಟಿಸಿದರು. ಸಿಂದ್ಬಿಸ್ ಹಳ್ಳಿಯಲ್ಲಿ ಕಲಿತದ್ದು ಅಲ್ಲಿಯೂ ಕೆಲಸಕ್ಕೆ ಬಂತು. ಆಮೇಲೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಬಹಳ ವರ್ಷ ಕಲಿಸಿದರು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ರೋಗಿಯೊಬ್ಬರ ರಕ್ತದಿಂದ ಸಿಕ್ಕ ವೈರಸ್ಸಿಗೆ ಪುಣೆಯಲ್ಲಿ ಪಿ9605 ಎಂಬ ಸಂಖ್ಯೆ ಕೊಟ್ಟಿದ್ದರು. ಜಗತ್ತಿನ ಯಾವ ಪ್ರಯೋಗಾಲಯದಲ್ಲಿ ಮಂಗನ ಕಾಯಿಲೆಯ ವೈರಸ್ಸನ್ನು ಓದಿದರೂ ಇಂದಿಗೂ ಅದನ್ನು ಹೋಲಿಸಿ ನೋಡುವುದು ಆ ಪಿ9605ರ ಜೊತೆಗೆ. ಮಲೆನಾಡಿನಲ್ಲಿ 1990ರಿಂದ ಕೊಡುತ್ತಿದ್ದ ಲಸಿಕೆಯೂ ಅದರ ಸಂತತಿಯಿಂದಲೇ ತಯಾರಾದದ್ದು. ಆ ಲಸಿಕೆಯ ಶಕ್ತಿ ಸಾಲದೆಂದು ಕಂಡದ್ದರಿಂದ 2022ರಲ್ಲಿ ಅದನ್ನು ನಿಲ್ಲಿಸಿದರು, ಹೊಸದನ್ನು ತಯಾರಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಪಿ9605 ಎಂಬ ಸಂಖ್ಯೆಯ ಹಿಂದಿದ್ದ ರೋಗಿಯನ್ನು ವೈದ್ಯ ಪತ್ರಿಕೆಗಳು ಇಂದಿಗೂ ಆ ಸಂಖ್ಯೆಯಿಂದಲೇ ಕರೆಯುತ್ತವೆ.